ಎದೆಯ ನೀರಿನಲ್ಲಿ ಸಿಗುವ ಸುಳಿವು

ಶ್ವಾಸಕೋಶದ ಸುತ್ತ ಎರಡು ತೆಳು ಪೊರೆಗಳಿವೆ. ಉಸಿರಾಡುವಾಗ ಅವು ಒಂದಕ್ಕೊಂದು ಉಜ್ಜಬಾರದು ಅಂತ ನಡುವೆ ಒಂದೆರಡು ಚಮಚ ನೀರಿರುತ್ತದೆ. ಕಾಯಿಲೆ ಬಂದಾಗ ಅದೇ ಜಾಗದಲ್ಲಿ ಲೀಟರುಗಟ್ಟಲೆ ನೀರು ತುಂಬಬಹುದು. ನಮ್ಮಲ್ಲಿ ಇದಕ್ಕೆ ಒಂದು ದೊಡ್ಡ ಕಾರಣ ಟಿಬಿ. ಕ್ಯಾನ್ಸರ್ ಬಂದರೂ ಹೀಗೇ ಆಗುತ್ತದೆ. ಕೆಮ್ಮು, ಏದುಸಿರು, ತೂಕ ಇಳಿಯುವುದು, ಎಕ್ಸ್‌ರೇಯಲ್ಲಿ ಬಿಳಿ ಮಬ್ಬು, ಎರಡರಲ್ಲೂ ಇವೇ ಲಕ್ಷಣಗಳು. ಹಾಗಾಗಿ ಕ್ಯಾನ್ಸರ್ ಇದ್ದವರು ತಿಂಗಳುಗಟ್ಟಲೆ ಟಿಬಿ ಮಾತ್ರೆ ನುಂಗುವುದುಂಟು. ಕೈಜಾರಿದ ಆ ತಿಂಗಳುಗಳು ಮತ್ತೆ ಸಿಗುವುದಿಲ್ಲ.

ಡಾಕ್ಟರು ಸೂಜಿ ಹಾಕಿ ಆ ನೀರನ್ನು ತೆಗೆದು ಲ್ಯಾಬಿಗೆ ಕಳಿಸುತ್ತಾರೆ. ಅಲ್ಲಿ ಮೊದಲು ನೋಡುವುದರಲ್ಲಿ ಎಡಿಎ ಒಂದು. ಇದು ನಮ್ಮ ರೋಗನಿರೋಧಕ ಕಣಗಳಲ್ಲಿರುವ ಕಿಣ್ವ. ಟಿಬಿ ಇದ್ದಾಗ ಆ ಕಣಗಳು ಪೊರೆಯ ಬಳಿ ಮುತ್ತಿಕೊಳ್ಳುತ್ತವೆ, ನೀರಿನಲ್ಲಿ ಎಡಿಎ ಏರುತ್ತದೆ. ಲೀಟರಿಗೆ 40 ಯೂನಿಟ್ ದಾಟಿದರೆ ಸಾಮಾನ್ಯವಾಗಿ ಟಿಬಿ ಕಡೆ ಬೆರಳು ತೋರಿಸುತ್ತಾರೆ. ಆದರೆ ಎದೆಯಲ್ಲಿ ಕೀವು ತುಂಬಿದ್ದರೂ ಇದು ಏರುತ್ತದೆ.

ಇನ್ನೊಂದು ಸಿಇಎ. 1965ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಫಿಲ್ ಗೋಲ್ಡ್ ಮತ್ತು ಸ್ಯಾಮ್ಯುಯೆಲ್ ಫ್ರೀಡ್‌ಮನ್ ದೊಡ್ಡ ಕರುಳಿನ ಕ್ಯಾನ್ಸರ್ ಗಡ್ಡೆಗಳಲ್ಲಿ ಈ ಪ್ರೋಟೀನನ್ನು ಗುರುತಿಸಿದರು. ತಾಯಿಯ ಹೊಟ್ಟೆಯಲ್ಲಿರುವ ಮಗುವಿನ ಕರುಳು ಇದನ್ನು ಧಾರಾಳವಾಗಿ ತಯಾರಿಸುತ್ತದೆ. ಹುಟ್ಟಿದ ಮೇಲೆ ತಯಾರಿ ಬಹುಪಾಲು ನಿಲ್ಲುತ್ತದೆ. ಆದರೆ ಹಲವು ಬಗೆಯ ಕ್ಯಾನ್ಸರ್ ಕಣಗಳು ಆ ಹಳೇ ಕೆಲಸವನ್ನು ಮತ್ತೆ ಶುರು ಮಾಡುತ್ತವೆ. ಎಷ್ಟು ವಿಚಿತ್ರ ಅಲ್ವಾ? ಎದೆಯ ನೀರಿನಲ್ಲಿ ಎಡಿಎ ಕಡಿಮೆ ಇದ್ದು ಸಿಇಎ ತುಂಬಾ ಜಾಸ್ತಿ ಇದ್ದರೆ ಕ್ಯಾನ್ಸರ್ ಅನುಮಾನ ಗಟ್ಟಿಯಾಗುತ್ತದೆ. ಸಿಇಎ ಕಡಿಮೆ ಇದೆ ಅಂತ ನಿರಾಳವಾಗುವ ಹಾಗಿಲ್ಲ. ಕಲ್ನಾರಿನ ಧೂಳಿನಿಂದ ಪೊರೆಗೇ ಬರುವ ಮೆಸೊಥೆಲಿಯೋಮಾ ಎಂಬ ಕ್ಯಾನ್ಸರಿನಲ್ಲಿ ಅದು ಸಾಮಾನ್ಯವಾಗಿ ಏರುವುದೇ ಇಲ್ಲ.

ರಕ್ತದಲ್ಲಿ ಇಂಥ ಅಂಕಿಗಳನ್ನು ನಂಬುವುದು ಇನ್ನೂ ಕಷ್ಟ. ಬೀಡಿ, ಸಿಗರೇಟು ಸೇದುವವರಲ್ಲಿ ಕ್ಯಾನ್ಸರ್ ಇಲ್ಲದೆಯೂ ಸಿಇಎ ಸ್ವಲ್ಪ ಹೆಚ್ಚಿರುತ್ತದೆ. ಸಣ್ಣಕಣದ ಕ್ಯಾನ್ಸರ್ ಎಂಬ ಬಗೆಯ ಶ್ವಾಸಕೋಶದ ಕ್ಯಾನ್ಸರಿಗೆ ನೋಡುವ ಎನ್‌ಎಸ್‌ಇ ಎಂಬ ಕಿಣ್ವ ಕೆಂಪು ರಕ್ತಕಣಗಳಲ್ಲೂ ಇದೆ. ಟ್ಯೂಬಿನಲ್ಲಿ ಕಣಗಳು ಒಡೆದರೆ ಸಾಕು, ಆರೋಗ್ಯವಂತರ ರಿಪೋರ್ಟಿನಲ್ಲೂ ಅಂಕಿ ಏರಿಬಿಡುತ್ತದೆ! ಅಂಥ ಒಂದು ಕಾಗದ ಹಿಡಿದು ಮನೆಯವರೆಲ್ಲ ರಾತ್ರಿಯಿಡೀ ನಿದ್ದೆಗೆಡುವುದು ಬೇಡ.

ಖಾತ್ರಿಯಾಗಬೇಕಾದರೆ ಕ್ಯಾನ್ಸರ್ ಕಣ ಸೂಕ್ಷ್ಮದರ್ಶಕದಲ್ಲಿ ಕಣ್ಣಿಗೆ ಕಾಣಬೇಕು. ತೆಗೆದ ನೀರಿನಲ್ಲೇ ಅದು ಸಿಗಬಹುದು, ಇಲ್ಲದಿದ್ದರೆ ಬಯಾಪ್ಸಿ, ಅಂದರೆ ಒಂದು ಚೂರು ತೆಗೆದು ನೋಡುವ ಪರೀಕ್ಷೆ ಆಗಬೇಕು. ಬಯಾಪ್ಸಿ ಅಂದರೆ ಹೆದರುವವರು ಬಹಳ. ಆದರೆ ಆ ಚೂರಿನಿಂದಲೇ ಕ್ಯಾನ್ಸರ್ ಯಾವ ಬಗೆಯದು, ಇಜಿಎಫ್‌ಆರ್‌ನಂಥ ಜೀನ್ ಬದಲಾಗಿದೆಯೇ, ಅದಕ್ಕೆಂದೇ ಇರುವ ಮಾತ್ರೆ ಕೊಡಬಹುದೇ ಎಂಬುದೂ ಗೊತ್ತಾಗುತ್ತದೆ.