ಬಾಣಲೆಯ ಬೆಂಕಿಗೆ ಸೋಪಿನ ಮುಚ್ಚಳ

ಆಯುಧಪೂಜೆ ಆದ ಮಾರನೇ ವಾರ ದಾವಣಗೆರೆಯ ಯಾವುದಾದರೂ ಗೋಡೌನಿಗೋ ಹೋಟೆಲಿಗೋ ಹೋಗಿ, ಗೋಡೆಗೆ ನೇತುಹಾಕಿರುವ ಬೆಂಕಿ ಆರಿಸೋ ಸಿಲಿಂಡರನ್ನು ಒಮ್ಮೆ ನೋಡಿ. ಮೂರು ಬೆರಳಿನ ವಿಭೂತಿ ಪಟ್ಟೆ, ಕೊರಳಿಗೆ ಬಾಡಿದ ಚೆಂಡುಹೂವು, ತಲೆಯ ಹತ್ತಿರ ದೊಡ್ಡದೊಂದು ಕುಂಕುಮದ ಬೊಟ್ಟು. ಪೂಜೆಗೆ ನನ್ನದೇನೂ ತಕರಾರಿಲ್ಲ. ಆದರೆ ಆ ಬೊಟ್ಟನ್ನು ಸರಿಯಾಗಿ ಗೇಜಿನ ಗಾಜಿನ ಮೇಲೆಯೇ ಇಟ್ಟಿರುತ್ತಾರೆ. ಒಳಗಿನ ಮುಳ್ಳು ಹಸಿರಿನಲ್ಲಿದೆಯೋ, ಕೆಂಪಿಗೆ ಇಳಿದಿದೆಯೋ ಮುಂದಿನ ಆಯುಧಪೂಜೆವರೆಗೂ ಯಾರಿಗೂ ಕಾಣುವುದಿಲ್ಲ. ಒತ್ತಡವೇ ಇಲ್ಲದ ಸಿಲಿಂಡರ್ ವರ್ಷವರ್ಷವೂ ಪೂಜೆ ಮಾಡಿಸಿಕೊಳ್ಳುತ್ತಿರಬಹುದು.

ಇದಕ್ಕಿಂತ ದೊಡ್ಡ ಮೂಢನಂಬಿಕೆ ಇನ್ನೊಂದಿದೆ. ಸಿಲಿಂಡರ್ ಕೆಂಪಗಿದ್ದರೆ ಸಾಕು, ಎಂಥ ಬೆಂಕಿಯಾದರೂ ಆರುತ್ತದೆ ಅನ್ನುವುದು. ಓದಿದವರೂ ಇದನ್ನು ನಂಬುತ್ತಾರೆ. "ಎಬಿಸಿ ಬರೆದಿದೆಯಲ್ಲ ಸಾರ್, ಎಲ್ಲದಕ್ಕೂ ಆಗುತ್ತೆ" ಅನ್ನುವವರೇ ಜಾಸ್ತಿ. ಎ ಅಂದರೆ ಕಟ್ಟಿಗೆ, ಬಟ್ಟೆ, ಕಾಗದದ ಬೆಂಕಿ. ಬಿ ಅಂದರೆ ಪೆಟ್ರೋಲ್, ಥಿನ್ನರ್‌ನಂಥ ದ್ರವದ್ದು. ಸಿ ಅಂದರೆ ಗ್ಯಾಸಿನದ್ದು. ಬಾಣಲೆಯಲ್ಲಿ ಹೊತ್ತಿಕೊಂಡ ಅಡುಗೆ ಎಣ್ಣೆಗೆ ಎಫ್ ಅಂತ ಬೇರೆಯೇ ವರ್ಗವಿದೆ. ಎಣ್ಣೆಯೂ ದ್ರವವೇ ಅಲ್ವಾ, ಅದನ್ನು ಬಿ ಜೊತೆ ಯಾಕೆ ಸೇರಿಸಲಿಲ್ಲ? ಮಿರ್ಚಿ, ಮಂಡಕ್ಕಿ ತಿಂದು ಬೆಳೆದ ಊರಿನವರು ಕೇಳಲೇಬೇಕಾದ ಪ್ರಶ್ನೆ ಇದು.

ಸಂಜೆ ಗಾಡಿಯಲ್ಲಿ ಮಿರ್ಚಿ ಬಿಡುವಾಗ ಎಣ್ಣೆ 170–180 ಡಿಗ್ರಿ ಸೆಲ್ಸಿಯಸ್‌ನಲ್ಲಿರುತ್ತದೆ. 200 ದಾಟಿ ಇನ್ನಷ್ಟು ಮೇಲೇರಿದರೆ ಹೊಗೆಯಾಡುತ್ತದೆ. ಆಗಲೂ ಉರಿ ತಗ್ಗಿಸದಿದ್ದರೆ, ಸುಮಾರು 350 ಡಿಗ್ರಿ ದಾಟಿದ ಮೇಲೆ ಕಿಡಿಯೂ ಬೇಡ, ತಾನೇ ಹೊತ್ತಿಕೊಳ್ಳುತ್ತದೆ. ನೆಲಕ್ಕೆ ಚೆಲ್ಲಿದ ಪೆಟ್ರೋಲಿನ ಕಥೆ ಹೀಗಲ್ಲ. ಅಲ್ಲಿ ಉರಿಯುವುದು ಮೇಲಿನ ಆವಿ, ಕೆಳಗಿನ ದ್ರವ ಅಷ್ಟೊಂದು ಕಾದಿರುವುದಿಲ್ಲ. ಒಮ್ಮೆ ಜ್ವಾಲೆ ಆರಿಸಿದರೆ ಮತ್ತೆ ಹೊತ್ತಲು ಇನ್ನೊಂದು ಕಿಡಿ ಬೇಕು. ಬಾಣಲೆಯ ಎಣ್ಣೆ ಯಾವ ಕಿಡಿಗೂ ಕಾಯುವುದಿಲ್ಲ. ಜ್ವಾಲೆ ಹೋಯಿತು ಅಂತ ನೀವು ಉಸಿರು ಬಿಡುವಷ್ಟರಲ್ಲಿ ಗಾಳಿ ತಾಗಿ ಮತ್ತೆ ಭಗ್ ಅನ್ನುತ್ತದೆ. ದಪ್ಪ ಕಬ್ಬಿಣದ ಬಾಣಲೆ, ಅದರ ತುಂಬ ಎಣ್ಣೆ. ತಣ್ಣಗಾಗಲು ಎಷ್ಟು ಹೊತ್ತು ಬೇಕು ಅಂತ ಆ ಗಾಡಿಯವರನ್ನೇ ಕೇಳಿ.

ಎಬಿಸಿ ಪುಡಿಯ ಮುಖ್ಯ ಸರಕು ಮೋನೋ ಅಮೋನಿಯಂ ಫಾಸ್ಫೇಟ್. ಜ್ವಾಲೆಯೊಳಗೆ ನಡೆಯುವ ಸರಣಿ ಕ್ರಿಯೆಯನ್ನು ಅದು ತುಂಡರಿಸುತ್ತದೆ. ಕಟ್ಟಿಗೆ ಮೇಲೆ ಬಿದ್ದರೆ ಕರಗಿ, ಗಾಳಿ ಸೋಕದ ಹಾಗೆ ಪದರ ಕಟ್ಟುತ್ತದೆ. ಒಳ್ಳೆಯ ಪುಡಿಯೇ. ಆದರೆ ಕುದಿಯುವ ಎಣ್ಣೆಯ ಮೇಲೆ ಆ ಪದರ ನಿಲ್ಲುವುದಿಲ್ಲ, ಎಣ್ಣೆಯ ಬಿಸಿಯೂ ಇಳಿಯುವುದಿಲ್ಲ. ಜೊತೆಗೆ, ಹತ್ತಿರ ನಿಂತು ಹೊಡೆದರೆ ಒತ್ತಡಕ್ಕೆ ಉರಿಯುವ ಎಣ್ಣೆಯೇ ಬಾಣಲೆಯಿಂದ ಹಾರುತ್ತದೆ.

ಚೊಂಬು ನೀರು ಎರಚಿದರಂತೂ ಮುಗಿಯಿತು. ನೀರು ಎಣ್ಣೆಗಿಂತ ಭಾರ, ತಳಕ್ಕಿಳಿಯುತ್ತದೆ. ಅಲ್ಲಿ ಒಮ್ಮೆಲೇ ಆವಿಯಾಗುತ್ತದೆ. ಒಂದು ಲೀಟರ್ ನೀರಿನಿಂದ ಸುಮಾರು 1,700 ಲೀಟರ್ ಆವಿ, ಅಂದರೆ 200 ಲೀಟರಿನ ಎಂಟು ಡ್ರಮ್ಮಿಗಿಂತ ಜಾಸ್ತಿ. ಆ ಆವಿ ಮೇಲಿನ ಎಣ್ಣೆಯನ್ನೆಲ್ಲ ಹನಿಹನಿಯಾಗಿ ಚೆಲ್ಲಾಡುತ್ತದೆ, ಪ್ರತಿ ಹನಿಯೂ ಉರಿಯುತ್ತದೆ. ಪಕ್ಕದಲ್ಲೇ ಇರುವ ಕಡಲೆಹಿಟ್ಟನ್ನು ಸುರಿಯುವವರೂ ಇದ್ದಾರೆ. ಗಾಳಿಗೆ ಹಾರಿದ ಹಿಟ್ಟಿನ ಧೂಳು ತಾನೇ ಸ್ಫೋಟಿಸಬಲ್ಲದು, ದಯವಿಟ್ಟು ಬೇಡ.

ಹಾಗಾದರೆ ಎಫ್ ಸಿಲಿಂಡರಿನಲ್ಲಿ ಏನಿರುತ್ತದೆ? ನಂಬಿದರೆ ನಂಬಿ, ಹೆಚ್ಚುಕಡಿಮೆ ನೀರೇ! ಆ ನೀರಿನಲ್ಲಿ ಪೊಟ್ಯಾಸಿಯಂನ ಲವಣಗಳು ಕರಗಿರುತ್ತವೆ: ಪೊಟ್ಯಾಸಿಯಂ ಅಸಿಟೇಟ್, ಕಾರ್ಬೋನೇಟ್, ಸಿಟ್ರೇಟ್, ಹೀಗೆ. ಉದ್ದನೆಯ ಕೊಳವೆಯ ತುದಿಯಿಂದ ಅದು ಸಣ್ಣ ತುಂತುರಾಗಿ, ಮೆಲ್ಲಗೆ ಬೀಳುತ್ತದೆ. ಸಣ್ಣ ಹನಿ ತಳಕ್ಕಿಳಿಯುವ ಮೊದಲೇ ಮೇಲ್ಮೈಯಲ್ಲಿ ಆವಿಯಾಗಿ ಬಿಸಿಯನ್ನು ಎಳೆದುಕೊಳ್ಳುತ್ತದೆ. ನನಗೆ ಖುಷಿ ಕೊಡುವ ಭಾಗ ಮುಂದಿನದು. ಕ್ಷಾರೀಯ ಲವಣ ಬಿಸಿ ಎಣ್ಣೆಯನ್ನು ಸೇರಿದಾಗ ಅಲ್ಲಿಯೇ, ಬೆಂಕಿಯ ಎದುರಿಗೇ, ಸೋಪು ತಯಾರಾಗುತ್ತದೆ. ಸೋಪು ಕಾರ್ಖಾನೆಯಲ್ಲಿ ಕೊಬ್ಬಿಗೆ ಕ್ಷಾರ ಬೆರೆಸಿದಾಗ ನಡೆಯುವುದೂ ಇದೇ ರಸಾಯನ ಕ್ರಿಯೆ. ಏಳುತ್ತಿರುವ ನೀರಾವಿ ಆ ಸೋಪಿನಲ್ಲಿ ಸಿಕ್ಕಿಬಿದ್ದು ನೊರೆಯಾಗುತ್ತದೆ. ಕಾಯಿಸಿದ ಹಾಲಿನ ಮೇಲೆ ಕೆನೆ ಕಟ್ಟುವ ಹಾಗೆ ದಪ್ಪ ನೊರೆ ಬಾಣಲೆಯ ಅಂಚಿನಿಂದ ಅಂಚಿಗೆ ಹರಡುತ್ತದೆ. ಕೆಳಗೆ ಎಣ್ಣೆ ಇನ್ನೂ ಕುದಿಯುತ್ತಿದ್ದರೂ ಗಾಳಿ ಸಿಗುವುದಿಲ್ಲ. ತಣ್ಣಗಾಗುವವರೆಗೂ ಆ ಹೊದಿಕೆ ಅಲ್ಲೇ ಇರುತ್ತದೆ. ಉರಿಯುತ್ತಿದ್ದ ವಸ್ತುವಿನಿಂದಲೇ ಅದನ್ನು ಆರಿಸುವ ಮುಚ್ಚಳ! ಎಬಿಸಿ ಪುಡಿ ಸ್ವಲ್ಪ ಆಮ್ಲೀಯ. ಅದರಿಂದ ಸೋಪು ಹುಟ್ಟುವುದಿಲ್ಲ. ಅಷ್ಟೇ ಅಲ್ಲ, ಈ ನೊರೆಯ ಮೇಲೆ ಅದನ್ನು ಹೊಡೆದರೆ ಕಟ್ಟಿದ ಸೋಪೂ ಕೆಡುತ್ತದೆ.

ಇಲ್ಲಿ ಜಾರ್ಜ್ ವಿಲಿಯಂ ಮ್ಯಾನ್‌ಬಿಯನ್ನು ನೆನೆಯದೆ ಮುಂದೆ ಹೋಗಲು ಮನಸ್ಸಿಲ್ಲ. ಇಂಗ್ಲೆಂಡಿನ ಈ ಕ್ಯಾಪ್ಟನ್ ಮೊದಲು ಹೆಸರು ಮಾಡಿದ್ದು ದಡದ ಹತ್ತಿರ ಮುಳುಗುವ ಹಡಗಿಗೆ ಫಿರಂಗಿಯಿಂದ ಹಗ್ಗ ಹಾರಿಸಿ ಜನರನ್ನು ಉಳಿಸುವ ಉಪಾಯದಿಂದ. ಆಮೇಲೆ ಬೆಂಕಿಯ ಕಡೆ ತಿರುಗಿದ. 1818ರ ಹೊತ್ತಿಗೆ ಒಬ್ಬನೇ ಎತ್ತಿಕೊಂಡು ಓಡಬಹುದಾದ ತಾಮ್ರದ ಪಾತ್ರೆ ಮಾಡಿದ. ಒಳಗೆ ಮೂರು ಗ್ಯಾಲನ್, ಅಂದರೆ 13 ಲೀಟರ್ ಚಿಲ್ಲರೆ ದ್ರಾವಣ, ಅದರ ಮೇಲೆ ಅದುಮಿದ ಗಾಳಿ. ಆ ದ್ರಾವಣ ಯಾವುದು ಗೊತ್ತೇ? ಪೊಟ್ಯಾಸಿಯಂ ಕಾರ್ಬೋನೇಟ್. ಕಟ್ಟಿಗೆ ಬೂದಿಯನ್ನು ನೀರಲ್ಲಿ ನೆನೆಸಿ, ತಿಳಿ ಬಸಿದು, ಬತ್ತಿಸಿದರೆ ಸಿಗುವ ಉಪ್ಪು. ನಮ್ಮ ಅಜ್ಜಿಯರು ಜಿಡ್ಡಿನ ಪಾತ್ರೆಯನ್ನು ಬೂದಿ ಹಾಕಿ ತಿಕ್ಕುತ್ತಿದ್ದಾಗ ಜಿಡ್ಡು ಬಿಡಿಸಲು ನೆರವಾಗುತ್ತಿದ್ದದ್ದೂ ಈ ಕ್ಷಾರವೇ. ಮ್ಯಾನ್‌ಬಿಯ ಯೋಚನೆ ಇದ್ದದ್ದು ಮನೆಗಳ ಬೆಂಕಿಯ ಬಗ್ಗೆ, ಬಾಣಲೆಯ ಬಗ್ಗೆ ಅಲ್ಲ. ಅವನ ನಂತರ ಬೆಂಕಿ ಆರಿಸಲು ಸೋಡಾ-ಆಸಿಡ್ ಸಿಲಿಂಡರ್ ಬಂತು, 20ನೇ ಶತಮಾನದಲ್ಲಿ ಕಾರ್ಬನ್ ಟೆಟ್ರಾಕ್ಲೋರೈಡ್ ಬಂದು ಮುಚ್ಚಿದ ಕೋಣೆಗಳಲ್ಲಿ ವಿಷಗಾಳಿ ಎಬ್ಬಿಸಿತು, ಓಝೋನ್ ಪದರ ಕೆಡಿಸುವ ಹ್ಯಾಲಾನ್ ಅನ್ನುವ ರಾಸಾಯನಿಕ ಬಂದು 1987ರ ಮಾಂಟ್ರಿಯಲ್ ಒಪ್ಪಂದದ ಬಲೆಗೆ ಬಿತ್ತು. ಇಷ್ಟೆಲ್ಲ ಸುತ್ತಿ ಅಡುಗೆಮನೆಯ ಸಿಲಿಂಡರ್ ಮತ್ತೆ ಬೂದಿಯ ಉಪ್ಪಿಗೇ ಬಂದು ನಿಂತಿದೆ. ಹಾಗಂತ ಒಲೆಯ ಬೂದಿಯನ್ನು ಬಾಣಲೆಗೆ ಎಸೆಯಬೇಡಿ, ಎಣ್ಣೆ ಸಿಡಿಯುತ್ತದೆ.

ಹೋಟೆಲಿನವರು ಅಂಗಡಿಯಲ್ಲಿ 'ವೆಟ್ ಕೆಮಿಕಲ್' ಅಂತ ಕೇಳಬೇಕು. ಮೈಮೇಲೆ ಎಫ್ ಅಥವಾ ಕೆ (ಅಡುಗೆ ಎಣ್ಣೆ ಬೆಂಕಿಗೆ ಅಮೆರಿಕದವರು ಇಟ್ಟ ಹೆಸರು) ಇದೆಯೇ, ಐಎಸ್‌ಐ ಗುರುತಿದೆಯೇ ನೋಡಬೇಕು. ಗಾಡಿಯವರಿಗೆ ಇದು ದುಬಾರಿ, ಒಪ್ಪುತ್ತೇನೆ. ಅವರು ಬಾಣಲೆಗಿಂತ ಅಗಲವಾದ ಒಂದು ತಗಡಿನ ಮುಚ್ಚಳವನ್ನಾದರೂ ಕೈಗೆಟುಕುವಲ್ಲಿ ಇಟ್ಟುಕೊಳ್ಳಲಿ. ಒಲೆ ಆರಿಸಿ, ಮುಚ್ಚಳವನ್ನು ಬದಿಯಿಂದ ಸರಿಸಿ ಮುಚ್ಚಿ, ತಣ್ಣಗಾಗುವವರೆಗೆ ತೆಗೆಯಬಾರದು. ಉರಿಯುವ ಬಾಣಲೆ ಎತ್ತಿಕೊಂಡು ಹೊರಗೆ ಓಡುವುದಂತೂ ಬೇಡವೇ ಬೇಡ.

ಉಳಿದ ಬೆಂಕಿಗಳದ್ದು ಇಷ್ಟು ಸ್ವಾರಸ್ಯವಿಲ್ಲ. ಹತ್ತಿಯ ಅಂಡಿಗೆ, ಮಂಡಕ್ಕಿ ಭಟ್ಟಿಯ ಹೊಟ್ಟಿನ ರಾಶಿ ಒಳಗೊಳಗೇ ಕನಲುತ್ತವೆ. ಪುಡಿ ಮೇಲಿನ ಜ್ವಾಲೆಯನ್ನಷ್ಟೇ ನಿಲ್ಲಿಸುತ್ತದೆ, ಒಳಗಿನ ಕೆಂಡಕ್ಕೆ ನೀರೇ ಬೇಕು. ಗ್ಯಾಸ್ ಸೋರಿ ಉರಿಯುತ್ತಿದ್ದರೆ ಮೊದಲು ರೆಗ್ಯುಲೇಟರ್ ಬಂದ್ ಮಾಡಬೇಕು. ಜ್ವಾಲೆ ಮಾತ್ರ ಆರಿಸಿದರೆ ಗಾಳಿಗಿಂತ ಭಾರವಾದ ಗ್ಯಾಸು ನೆಲದಲ್ಲಿ ತುಂಬಿ, ಆಮೇಲೆ ಒಮ್ಮೆಲೇ ಸಿಡಿಯುತ್ತದೆ. ಕಂಪ್ಯೂಟರ್, ಸ್ವಿಚ್‌ಬೋರ್ಡಿಗೆ ಕಾರ್ಬನ್ ಡೈಆಕ್ಸೈಡ್ ಒಳ್ಳೆಯದು, ಪುಡಿಯ ಕೊಳೆ ಉಳಿಯುವುದಿಲ್ಲ. ಅದರ ಸಿಲಿಂಡರಿಗೆ ಗೇಜ್ ಇರುವುದಿಲ್ಲ, ತೂಕ ಹಾಕಿಯೇ ನೋಡಬೇಕು. ಹೊಡೆಯುವಾಗ ಕಪ್ಪು ಕಹಳೆಯನ್ನು ಹಿಡಿಯಬೇಡಿ: ಹೊರಬರುವ ಹಿಮ ಮೈನಸ್ 78 ಡಿಗ್ರಿ, ಚರ್ಮ ಅಂಟಿಕೊಳ್ಳುತ್ತದೆ. ಸಣ್ಣ ಕೋಣೆಯಾದರೆ ಹೊಡೆದು ಹೊರಗೆ ಬನ್ನಿ, ಉಸಿರು ಕಟ್ಟುತ್ತದೆ.

ಬಳಸುವ ಮೊದಲು ಯಾರಾದರೂ ಒಬ್ಬರು 101 ಅಥವಾ 112ಕ್ಕೆ ಫೋನ್ ಮಾಡಿರಲಿ. ಬಾಗಿಲು ನಿಮ್ಮ ಬೆನ್ನ ಹಿಂದಿರಬೇಕು. ಅದಕ್ಕೇ ಸಿಲಿಂಡರನ್ನು ಒಲೆಯ ಪಕ್ಕ ನೇತುಹಾಕದೆ ಬಾಗಿಲ ಬಳಿ ಹಾಕಬೇಕು. ಪಿನ್ ಎಳೆದು, ಎರಡು ಮೂರು ಮೀಟರ್ ದೂರದಿಂದ ಜ್ವಾಲೆಯ ಬುಡಕ್ಕೆ ಗುರಿಯಿಟ್ಟು, ಹಿಡಿ ಒತ್ತಿ, ಆಚೆಯಿಂದ ಈಚೆ ಬೀಸಬೇಕು. ಬಾಣಲೆಗೆ ಮಾತ್ರ ಬೀಸುವುದಲ್ಲ, ಎಣ್ಣೆ ಚೆಲ್ಲದಂತೆ ಮೇಲಿನಿಂದ ಮೆಲ್ಲಗೆ ತುಂತುರು ಬೀಳಿಸಬೇಕು. ಒಂದು ಕಿಲೋ ಪುಡಿಯ ಸಿಲಿಂಡರ್ ಎಂಟು ಹತ್ತು ಸೆಕೆಂಡಿಗೆ ಖಾಲಿ. ಅಷ್ಟರಲ್ಲಿ ಆರದಿದ್ದರೆ ಬಾಗಿಲು ಎಳೆದುಕೊಂಡು ಹೊರಗೆ ನಡೆಯಿರಿ. ಕೆಲಸ ಮಾಡುತ್ತದೆಯೋ ನೋಡೋಣ ಅಂತ ಸುಮ್ನೆ ಒಮ್ಮೆ ಒತ್ತಿ ನೋಡಿ ವಾಪಸ್ ನೇತುಹಾಕುವವರಿದ್ದಾರೆ. ವಾಲ್ವಿನ ಬಾಯಲ್ಲಿ ಪುಡಿ ಸಿಕ್ಕಿಕೊಂಡು ಅದು ಪೂರ್ತಿ ಮುಚ್ಚುವುದಿಲ್ಲ, ಒತ್ತಡ ಸದ್ದಿಲ್ಲದೆ ಸೋರಿಹೋಗುತ್ತದೆ. ಅರೆ ಸೆಕೆಂಡ್ ಒತ್ತಿದರೂ ರೀಫಿಲ್ ಮಾಡಿಸಲೇಬೇಕು.