ಎಲ್ಲರೂ ಎಲೆಕ್ಟ್ರಿಕ್ ಕಾರು ತಗೊಂಡ್ರೆ ಕರೆಂಟು ಸಾಕಾಗುತ್ತಾ?

ಓದುಗರ ಪ್ರಶ್ನೆ: "ಬೇಸಿಗೆ ಬಂದ್ರೆ ಸಾಕು, ನಮ್ಮ ಬೀದಿಯಲ್ಲಿ ದಿನಕ್ಕೆ ಎರಡು ಸಲ ಕರೆಂಟು ಹೋಗುತ್ತೆ. ಇರೋ ಫ್ಯಾನು, ಎಸಿಗೇ ಸಾಕಾಗ್ತಿಲ್ಲ. ಇನ್ನು ಎಲ್ಲರೂ ಎಲೆಕ್ಟ್ರಿಕ್ ಕಾರು, ಸ್ಕೂಟರ್ ತಗೊಂಡು ರಾತ್ರಿ ಚಾರ್ಜಿಗೆ ಹಾಕಿದ್ರೆ ಗ್ರಿಡ್ ತಡೆಯುತ್ತಾ?"

ಗ್ರಿಡ್, ಅಂದರೆ ದೇಶಕ್ಕೆಲ್ಲ ಕರೆಂಟು ಸಾಗಿಸುವ ದೊಡ್ಡ ಜಾಲ, ತಡೆಯುತ್ತದೆ. ನಿಮ್ಮ ಬೀದಿಯ ಟಿಸಿ, ಅಂದರೆ ಟ್ರಾನ್ಸ್‌ಫಾರ್ಮರ್, ತಡೆಯುತ್ತದಾ ಅನ್ನುವುದು ಬೇರೆ ಪ್ರಶ್ನೆ. ಬೀದಿಯವರೆಲ್ಲ ಎಷ್ಟು ಗಂಟೆಗೆ ಪ್ಲಗ್ ಹಾಕುತ್ತಾರೆ ಅನ್ನುವುದರ ಮೇಲೆ ಅದು ನಿಂತಿದೆ.

ಮೊದಲು ಕರೆಂಟು ಎಷ್ಟು ಬೇಕು ನೋಡೋಣ. ನಮ್ಮ ರಸ್ತೆಯಲ್ಲಿ ಓಡುವ ಮಾಮೂಲಿ ಎಲೆಕ್ಟ್ರಿಕ್ ಕಾರು ಒಂದು ಯೂನಿಟ್‌ಗೆ ಆರೇಳು ಕಿಲೋಮೀಟರ್ ಹೋಗುತ್ತದೆ. ಸ್ಕೂಟರ್ ಆದರೆ ಸುಮಾರು 30 ಕಿಲೋಮೀಟರ್. ಬೆಂಗಳೂರಿನಲ್ಲಿ ನೋಂದಣಿ ಆದ ಕಾರುಗಳು ಹತ್ತಿರ ಹತ್ತಿರ 25 ಲಕ್ಷ, ಬೈಕು ಸ್ಕೂಟರ್ ಸೇರಿ 80 ಲಕ್ಷದ ಆಸುಪಾಸು. ನಾಳೆ ಬೆಳಿಗ್ಗೆ ಇವೆಲ್ಲವೂ ಎಲೆಕ್ಟ್ರಿಕ್ ಆಗಿಬಿಟ್ಟವು, ಕಾರು ವರ್ಷಕ್ಕೆ 10,000 ಕಿಲೋಮೀಟರ್, ಸ್ಕೂಟರ್ 8,000 ಕಿಲೋಮೀಟರ್ ಓಡುತ್ತವೆ ಅಂದುಕೊಳ್ಳಿ. ಕಾರುಗಳಿಗೆ ಸುಮಾರು 385 ಕೋಟಿ ಯೂನಿಟ್, ದ್ವಿಚಕ್ರ ವಾಹನಗಳಿಗೆ ಸುಮಾರು 215 ಕೋಟಿ. ಒಟ್ಟು 600 ಕೋಟಿ ಯೂನಿಟ್.

ಕೇಳೋಕೆ ದೊಡ್ಡ ಸಂಖ್ಯೆಯೇ. ಆದರೆ ಕರ್ನಾಟಕಕ್ಕೆ ಈಗ ವರ್ಷಕ್ಕೆ ಬೇಕಾಗುವ ಕರೆಂಟು 9,000 ಕೋಟಿ ಯೂನಿಟ್ ಮೀರಿದೆ. ಅಂದರೆ ಇಡೀ ಬೆಂಗಳೂರಿನ ಕಾರು, ಸ್ಕೂಟರ್ ಸೇರಿದರೂ ಹೆಚ್ಚುವರಿ ಹೊರೆ ನೂರಕ್ಕೆ ಆರೇಳು. ಅದೂ ಒಂದೇ ದಿನ ಬರುವುದಲ್ಲ, ಹದಿನೈದು ಇಪ್ಪತ್ತು ವರ್ಷದಲ್ಲಿ ಹಂಚಿಕೊಂಡು ಬರುತ್ತದೆ. ಇದೇ ರಾಜ್ಯದಲ್ಲಿ ನೀರಾವರಿ ಪಂಪ್‌ಸೆಟ್‌ಗಳು ಒಟ್ಟು ಕರೆಂಟಿನ ಮೂರನೇ ಒಂದು ಭಾಗದಷ್ಟನ್ನು ಎಳೆಯುತ್ತವೆ. 2023ರ ಅಕ್ಟೋಬರ್‌ನಲ್ಲಿ ಲೋಡ್ ಶೆಡ್ಡಿಂಗ್ ಆಗಿ ರೈತರು ಬೀದಿಗಿಳಿದಿದ್ದು ನೆನಪಿದೆಯಲ್ಲ? ಅವತ್ತು ಮಳೆ ಕೈಕೊಟ್ಟಿತ್ತು. ಜಲಾಶಯದಲ್ಲಿ ನೀರಿಲ್ಲ, ಹೊಲದಲ್ಲಿ ಬೆಳೆ ಒಣಗುತ್ತಿದೆ, ಎಲ್ಲ ಪಂಪುಗಳೂ ಒಟ್ಟಿಗೆ ಶುರುವಾದವು. ಎಲೆಕ್ಟ್ರಿಕ್ ಕಾರಿಗೂ ಅದಕ್ಕೂ ಸಂಬಂಧವೇ ಇರಲಿಲ್ಲ.

ನಾರ್ವೆಯಲ್ಲಿ 2024ರಲ್ಲಿ ಮಾರಾಟವಾದ ಹೊಸ ಕಾರುಗಳಲ್ಲಿ ನೂರಕ್ಕೆ ಸುಮಾರು 89 ಪೂರ್ತಿ ಎಲೆಕ್ಟ್ರಿಕ್. ಅಲ್ಲಿ ಕತ್ತಲೇನೂ ಕವಿದಿಲ್ಲ. ಅವರದ್ದು ಸಣ್ಣ ದೇಶ, ಕರೆಂಟು ಹೆಚ್ಚೂಕಡಿಮೆ ಪೂರ್ತಿ ನೀರಿನಿಂದಲೇ ಬರುತ್ತದೆ, ಚಳಿಗಾಲದಲ್ಲಿ ಮನೆ ಬಿಸಿ ಮಾಡಲೂ ಕರೆಂಟೇ ಬಳಸುವವರು. ಹಾಗಾಗಿ ಅವರ ತಂತಿಗಳು ಮೊದಲೇ ದಪ್ಪ. ನಮಗೆ ಸೀದಾ ಹೋಲಿಕೆ ಆಗುವುದಿಲ್ಲ ಅನ್ನುವುದನ್ನು ಒಪ್ಪಿಕೊಳ್ಳೋಣ.

ನಮ್ಮ ನಿಜವಾದ ತಲೆನೋವು ಹೊತ್ತಿನದ್ದು. ಪಾವಗಡದ ಸೋಲಾರ್ ಪಾರ್ಕ್ 2,050 ಮೆಗಾವ್ಯಾಟ್‌ನದ್ದು. ಮಧ್ಯಾಹ್ನ ಭರ್ಜರಿ ಕರೆಂಟು ಬರುತ್ತದೆ, ಸಂಜೆ ಆರೂವರೆಗೆ ಸೊನ್ನೆ. ಸರಿಯಾಗಿ ಅದೇ ಹೊತ್ತಿಗೆ ಜನ ಮನೆಗೆ ಬರುತ್ತಾರೆ. ದೀಪ, ಟಿವಿ, ಎಸಿ, ಜೊತೆಗೆ ಗೇಟಿನೊಳಗೆ ಬಂದ ತಕ್ಷಣ ಕಾರಿಗೆ ಪ್ಲಗ್. ಸೂರ್ಯ ಮುಳುಗಿದ ಆ ನಾಲ್ಕೈದು ಗಂಟೆ ಶರಾವತಿಯ ನೀರು, ರಾಯಚೂರು ಬಳ್ಳಾರಿಯ ಕಲ್ಲಿದ್ದಲು, ಹೊರಗಿನಿಂದ ಖರೀದಿಸಿದ ಕರೆಂಟು, ಹೀಗೆ ಎಲ್ಲವನ್ನೂ ಒಟ್ಟುಮಾಡಿ ನಿಭಾಯಿಸಬೇಕು. ರಾತ್ರಿ ಹನ್ನೊಂದು ದಾಟಿದರೆ ಮತ್ತೆ ಬೇಡಿಕೆ ಇಳಿಯುತ್ತದೆ. ಮುಂಗಾರಿನಲ್ಲಾದರೆ ರಾತ್ರಿ ಹೊತ್ತು ಚಿತ್ರದುರ್ಗ, ಗದಗದ ಕಡೆಯ ಗಾಳಿಯಂತ್ರಗಳೂ ಜೋರಾಗಿ ತಿರುಗುತ್ತಿರುತ್ತವೆ.

ಈ ಹೊತ್ತಿನ ಸಮಸ್ಯೆ ಬರೀ ಊಹೆಯಲ್ಲ. 2022ರ ಆಗಸ್ಟ್ ಕೊನೆಯಲ್ಲಿ ಕ್ಯಾಲಿಫೋರ್ನಿಯಾ, 2035ರಿಂದ ಹೊಸ ಪೆಟ್ರೋಲ್ ಕಾರು ಮಾರುವಂತಿಲ್ಲ ಅಂತ ನಿಯಮ ಮಾಡಿತು. ಒಂದು ವಾರ ಕಳೆಯುವಷ್ಟರಲ್ಲಿ ಭಾರೀ ಸೆಕೆ ಬಂತು, ಸಂಜೆ 4ರಿಂದ 9ರವರೆಗೆ ಕಾರು ಚಾರ್ಜ್ ಮಾಡಬೇಡಿ ಅಂತ ಗ್ರಿಡ್‌ನವರೇ ಕೇಳಿಕೊಂಡರು. ಜಗತ್ತೆಲ್ಲ ನಕ್ಕಿತು. ನಕ್ಕವರು ಒಂದು ವಿಷಯ ಗಮನಿಸಲಿಲ್ಲ: ಅವರು ಹೇಳಿದ್ದು ಐದು ಗಂಟೆ ತಡೆಯಿರಿ ಅಂತ ಅಷ್ಟೇ. ಎಸಿಗೆ ಹಾಗೆ ಹೇಳೋಕಾಗಲ್ಲ, ಸೆಕೆ ಇದ್ದಾಗಲೇ ಅದು ಬೇಕು. ಕಾರಿಗೆ ಬೆಳಿಗ್ಗೆ ಎಂಟರೊಳಗೆ ಬ್ಯಾಟರಿ ತುಂಬಿದ್ದರೆ ಸಾಕು. ಪಕ್ಕದ ಕೇರಳದಲ್ಲೂ 2024ರ ಬೇಸಿಗೆಯಲ್ಲಿ ರಾತ್ರಿ ಬೇಡಿಕೆ ದಾಖಲೆ ಮುಟ್ಟಿದಾಗ, ಸಂಜೆ ಹೊತ್ತು ವಾಹನ ಚಾರ್ಜ್ ಮಾಡಬೇಡಿ ಅಂತ ಅಲ್ಲಿನ ವಿದ್ಯುತ್ ಮಂಡಳಿ ಮನವಿ ಮಾಡಿತ್ತು.

ದೊಡ್ಡ ಗ್ರಿಡ್‌ನ ಬಗ್ಗೆ ನನಗೆ ಅಷ್ಟು ಭಯ ಇಲ್ಲ. 2020ರ ಏಪ್ರಿಲ್ 5ರ ರಾತ್ರಿ 9 ಗಂಟೆಗೆ ದೇಶವೆಲ್ಲ ದೀಪ ಆರಿಸಿದಾಗ ಅರ್ಧ ಗಂಟೆಯೊಳಗೆ 31,000 ಮೆಗಾವ್ಯಾಟ್‌ನಷ್ಟು ಬೇಡಿಕೆ ಬಿದ್ದುಹೋಗಿ, ಮತ್ತೆ ಮೇಲೆದ್ದಿತು. ಜಲವಿದ್ಯುತ್ ಘಟಕಗಳನ್ನು ಸಿದ್ಧವಾಗಿಟ್ಟುಕೊಂಡಿದ್ದರು, ಗ್ರಿಡ್ ಅಲುಗಲಿಲ್ಲ. ಯಾವ ಹೊತ್ತಿಗೆ ಏನಾಗುತ್ತದೆ ಅಂತ ಮೊದಲೇ ಗೊತ್ತಿದ್ದರೆ ಎಂಜಿನಿಯರುಗಳು ಸಂಭಾಳಿಸುತ್ತಾರೆ. ನಮ್ಮ ದಕ್ಷಿಣದ ಗ್ರಿಡ್ ಕೂಡ ಈಗ ಒಂಟಿಯಲ್ಲ. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ ಲೈನ್ ಮೂಲಕ ದೇಶದ ಗ್ರಿಡ್‌ಗೆ ಸೇರಿಕೊಂಡಿತು, ಆಮೇಲೆ ಇನ್ನಷ್ಟು ಲೈನ್ ಬಂದವು.

ಇನ್ನು ಟಿಸಿಗೆ ಬರೋಣ, ಪೆಟ್ಟು ಬೀಳುವುದು ಅಲ್ಲೇ.

ನಿಮ್ಮ ಬೀದಿ ತುದಿಯಲ್ಲಿ ಎರಡು ಕಂಬದ ನಡುವೆ ಕೂತಿರುವ ಟ್ರಾನ್ಸ್‌ಫಾರ್ಮರ್ ಮೇಲೆ 63, 100, 250 ಕೆವಿಎ ಅಂತ ಏನೋ ಒಂದು ಬರೆದಿರುತ್ತದೆ. 100 ಅಂತಿದ್ದರೆ, ಹೆಚ್ಚೂಕಡಿಮೆ 90 ಕಿಲೋವ್ಯಾಟ್ ಕೊಡಬಲ್ಲದು. ಅದರ ಕೆಳಗೆ 60 ಮನೆಗಳಿವೆ, ಮನೆಗೆ 3 ಕಿಲೋವ್ಯಾಟ್ ಲೋಡ್ ಮಂಜೂರಾಗಿದೆ ಅನ್ನಿ. ಕಾಗದದ ಮೇಲೆ 180 ಕಿಲೋವ್ಯಾಟ್ ಆಯಿತು. ಆದರೂ ಟಿಸಿ ಸುಡುತ್ತಿಲ್ಲ. ಯಾಕೆ? ಎಲ್ಲರೂ ಒಂದೇ ಸಲ ಗೀಸರ್ ಹಾಕುವುದಿಲ್ಲ. ಹಾಕಿದರೂ ಹತ್ತು ನಿಮಿಷಕ್ಕೆ ಆಫ್. ನಮ್ಮ ಬೀದಿಗಳ ಲೆಕ್ಕಾಚಾರವೆಲ್ಲ ಈ ನಂಬಿಕೆಯ ಮೇಲೆ ನಿಂತಿದೆ.

ಕಾರಿನ ಚಾರ್ಜರ್ ಈ ನಂಬಿಕೆಯನ್ನು ಮುರಿಯುತ್ತದೆ. ಕಾರಿನ ಜೊತೆ ಬರುವ ಸಣ್ಣ ಚಾರ್ಜರ್ ಸುಮಾರು 3 ಕಿಲೋವ್ಯಾಟ್, ಗೋಡೆಗೆ ಹಾಕಿಸುವ ದೊಡ್ಡದು 7.2. ಇದು ಗೀಸರ್ ಥರ ಹತ್ತು ನಿಮಿಷಕ್ಕೆ ನಿಲ್ಲುವುದಿಲ್ಲ, ಬ್ಯಾಟರಿ ಖಾಲಿಯಿದ್ದರೆ ಆರು ಗಂಟೆ ಎಳೆಯುತ್ತದೆ. ಸಂಜೆ ಏಳಕ್ಕೆ ಇಂಥ ಹತ್ತು ಕಾರು ಒಟ್ಟಿಗೆ ಶುರುವಾದರೆ 72 ಕಿಲೋವ್ಯಾಟ್ ಅಲ್ಲಿಗೇ ಮುಗಿಯಿತು, ಉಳಿದ ಐವತ್ತು ಮನೆಯವರು ಮೇಣದ ಬತ್ತಿ ಹುಡುಕಬೇಕು. ಅದೂ ಹೆಚ್ಚಿನವು ಒಂದೇ ಫೇಸ್ ಮೇಲೆ ಬಿದ್ದರೆ ಆ ಫೇಸ್‌ನ ಮನೆಗಳಿಗೆಲ್ಲ ಲೋ ವೋಲ್ಟೇಜ್. ಜೊತೆಗೆ, ಹಗಲಿಡೀ ಕಾದ ಟಿಸಿಯ ಎಣ್ಣೆ ರಾತ್ರಿ ತಣ್ಣಗಾಗಬೇಕು. ಬೇಸಿಗೆಯಲ್ಲಿ ಎಸಿ ಬೆಳಗಿನವರೆಗೂ ಓಡಿ, ಅದರ ಮೇಲೆ ಕಾರೂ ಸೇರಿದರೆ ಅದಕ್ಕೆ ಆರುವ ಸಮಯವೇ ಸಿಗುವುದಿಲ್ಲ, ಒಳಗಿನ ಇನ್ಸುಲೇಷನ್ ಬೇಗ ಹಾಳಾಗುತ್ತದೆ. ನಿಮ್ಮ ಬೀದಿಯಲ್ಲಿ ಈಗ ಕರೆಂಟು ಹೋಗುತ್ತಿರುವುದೂ ಬಹುಶಃ ರಾಜ್ಯದಲ್ಲಿ ಕರೆಂಟಿಲ್ಲ ಅಂತಲ್ಲ, ಹತ್ತಿರದ ಟಿಸಿಯೋ ಅದಕ್ಕೆ ಕರೆಂಟು ತರುವ ಫೀಡರ್ ಲೈನೋ ಹೊರೆ ತಾಳದೆ ಟ್ರಿಪ್ ಆಗುತ್ತಿರಬಹುದು.

ಸ್ಕೂಟರ್ ಬಗ್ಗೆ ಚಿಂತೆ ಬಿಡಿ. ಅದರ ಚಾರ್ಜರ್ ಇಸ್ತ್ರಿ ಪೆಟ್ಟಿಗೆಯಷ್ಟು ಕರೆಂಟು ಎಳೆಯುತ್ತದೆ ಅಷ್ಟೇ. ನಮ್ಮ ದೇಶದಲ್ಲಿ ಮಾರಾಟವಾಗುವ ಎಲೆಕ್ಟ್ರಿಕ್ ವಾಹನಗಳಲ್ಲಿ ಬಹುಪಾಲು ಎರಡು, ಮೂರು ಚಕ್ರದವೇ ಆಗಿರುವುದು ಗ್ರಿಡ್‌ನ ಪುಣ್ಯ. ಬಿಎಂಟಿಸಿ ಬಸ್ಸುಗಳಿಗೆ ಜಾಸ್ತಿ ಬೇಕು, ಒಂದು ಕಿಲೋಮೀಟರ್‌ಗೆ ಒಂದು ಯೂನಿಟ್‌ನ ಹತ್ತಿರ. ಆದರೆ ಡಿಪೋಗೆ 11 ಕೆವಿ ಲೈನೇ ಬೇರೆ ಬರುತ್ತದೆ, ಬೀದಿಯ ಟಿಸಿಗೆ ಅದರ ಬಿಸಿ ತಟ್ಟುವುದಿಲ್ಲ.

ಪರಿಹಾರ ದುಬಾರಿಯದ್ದೇನಲ್ಲ, ಬಹಳಷ್ಟು ಕಾರಿನೊಳಗೇ ಇದೆ. ಸೆಟ್ಟಿಂಗ್‌ನಲ್ಲಿ ಚಾರ್ಜಿಂಗ್ ಶುರುವಾಗುವ ಹೊತ್ತು ಹಾಕಬಹುದು, ರಾತ್ರಿ ಹನ್ನೊಂದೂವರೆ ಅಂತಲೋ ಒಂದೂಕಾಲು ಅಂತಲೋ. ಎಲ್ಲರೂ ಸರಿಯಾಗಿ ಹನ್ನೆರಡಕ್ಕೇ ಹಾಕಿಬಿಟ್ಟರೆ ಹನ್ನೆರಡಕ್ಕೆ ಬೇಡಿಕೆಯ ಹೊಸ ಗುಡ್ಡ ಏಳುತ್ತದೆ, ಅದೂ ಬೇಡ. ಬ್ರಿಟನ್‌ನಲ್ಲಿ ಇದಕ್ಕೆ ಕಾನೂನೇ ಇದೆ. 2022ರ ಜೂನ್ 30ರಿಂದ ಅಲ್ಲಿ ಮಾರುವ ಮನೆ ಚಾರ್ಜರುಗಳು ಪೀಕ್ ಹೊತ್ತು ತಪ್ಪಿಸುವಂತೆ ಮೊದಲೇ ಸೆಟ್ ಆಗಿರಬೇಕು, ಮತ್ತು ಶುರುವಾಗುವಾಗ ಒಂದೊಂದು ಚಾರ್ಜರ್ ತನಗೆ ತೋಚಿದಂತೆ ಹತ್ತು ನಿಮಿಷದವರೆಗೆ ತಡಮಾಡಬೇಕು. ಎಲ್ಲವೂ ಒಂದೇ ಕ್ಷಣಕ್ಕೆ ಎಚ್ಚರ ಆಗಬಾರದು ಅಂತ. ಇಂಥದ್ದೊಂದು ನಿಯಮ ನಮಗೂ ಈಗಲೇ ಬೇಕು, ಕಾರುಗಳು ಕಡಿಮೆ ಇರುವಾಗಲೇ. ಆಮೇಲೆ ಲಕ್ಷಾಂತರ ಚಾರ್ಜರ್ ಬದಲಾಯಿಸುವುದು ಆಗದ ಮಾತು.

ಹಗಲು ಹೊತ್ತು ಇನ್ನೂ ಒಳ್ಳೆಯದು, ಆಗ ಸೋಲಾರ್ ಕರೆಂಟು ಧಾರಾಳವಾಗಿರುತ್ತದೆ. ಸಾರ್ವಜನಿಕ ಚಾರ್ಜಿಂಗ್ ಸ್ಟೇಷನ್‌ಗಳಿಗೆ ಬೆಳಿಗ್ಗೆ 9ರಿಂದ ಸಂಜೆ 4ರವರೆಗೆ ಕಡಿಮೆ ದರ, ಉಳಿದ ಹೊತ್ತು ಜಾಸ್ತಿ ದರ ಇರಲಿ ಅಂತ 2024ರ ಕೇಂದ್ರದ ಮಾರ್ಗಸೂಚಿಯೂ ಹೇಳುತ್ತದೆ. ಬೆಂಗಳೂರಿನ ಆಫೀಸುಗಳ ಬೇಸ್‌ಮೆಂಟ್‌ನಲ್ಲಿ ಆ ಹೊತ್ತಿಗೆ ಸಾವಿರಾರು ಕಾರು ಸುಮ್ನೆ ನಿಂತಿರುತ್ತವೆ. ಅಲ್ಲಿ ಸಾಲಾಗಿ ಪ್ಲಗ್ ಪಾಯಿಂಟ್ ಹಾಕಿಸುವುದು ಹೊಸ ಪವರ್ ಸ್ಟೇಷನ್ ಕಟ್ಟುವುದಕ್ಕಿಂತ ಅಗ್ಗ, ಅಲ್ವಾ?

ಮನೆಯಲ್ಲೇ ಚಾರ್ಜ್ ಮಾಡುವವರು ಬಿಲ್ಲಿನ ಕಡೆಯೂ ನೋಡಿ. ಗೃಹಜ್ಯೋತಿಯಲ್ಲಿ ಇರುವವರ ಬಳಕೆ ತಿಂಗಳಿಗೆ 200 ಯೂನಿಟ್ ದಾಟಿದರೆ ಆ ತಿಂಗಳ ಪೂರ್ತಿ ಬಿಲ್ ಕಟ್ಟಬೇಕು. ಸ್ಕೂಟರ್ ತಿಂಗಳಿಗೆ 1,000 ಕಿಲೋಮೀಟರ್ ಓಡಿದರೆ 35 ಯೂನಿಟ್, ಅದೊಂದರಿಂದಲೇ ಹೆಚ್ಚಿನ ಮನೆಗಳು ಆ ಗೆರೆ ದಾಟುವುದಿಲ್ಲ. ಕಾರು ಅಷ್ಟೇ ಓಡಿದರೆ 150 ಯೂನಿಟ್, ಹೆಚ್ಚಿನ ಮನೆಗಳು ಗೆರೆ ದಾಟುತ್ತವೆ. ಕಾರಿಗೆ ಬೇರೆ ಮೀಟರ್ ಕೇಳುವ ಹಕ್ಕನ್ನು 2024ರಲ್ಲಿ ತಿದ್ದಿದ ವಿದ್ಯುತ್ ಗ್ರಾಹಕರ ನಿಯಮ ಕೊಟ್ಟಿದೆ.

ಕೊನೆಗೆ ಅಪಾರ್ಟ್‌ಮೆಂಟ್. ಸಂಘದ ಮೀಟಿಂಗಿನಲ್ಲಿ ಯಾರಾದರೂ ಎದ್ದು, 40 ಫ್ಲಾಟಿಗೂ ಚಾರ್ಜರ್ ಹಾಕಿದರೆ 288 ಕಿಲೋವ್ಯಾಟ್ ಬೇಕು, ಹೊಸ ಟಿಸಿ ಹಾಕಿಸಬೇಕು, ಆಗದ ಕೆಲಸ ಅಂತ ಹೇಳೇ ಹೇಳುತ್ತಾರೆ. ಅವರ ಗುಣಾಕಾರ ಸರಿ, ಲೆಕ್ಕ ತಪ್ಪು. ಒಂದು ಕಾರು ದಿನಕ್ಕೆ 40 ಕಿಲೋಮೀಟರ್ ಓಡಿದರೆ ಬೇಕಾಗುವುದು 6 ಯೂನಿಟ್. 40 ಕಾರಿಗೆ 240 ಯೂನಿಟ್. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ, ಎಂಟು ಗಂಟೆಗೆ ಹಂಚಿದರೆ 30 ಕಿಲೋವ್ಯಾಟ್, ಅಷ್ಟೇ! ಒಟ್ಟು ಲೋಡ್ ಇಷ್ಟು ಮೀರದಂತೆ ಕಾರುಗಳಿಗೆ ಸರದಿ ಪ್ರಕಾರ ಕರೆಂಟು ಹಂಚುವ ಚಾರ್ಜರುಗಳು ಮಾರುಕಟ್ಟೆಯಲ್ಲಿ ಸಿಗುತ್ತವೆ. ಸ್ವಲ್ಪ ಧಾರಾಳವಾಗಿ 50 ಕಿಲೋವ್ಯಾಟ್‌ಗೆ ಅರ್ಜಿ ಹಾಕಿ, ಲೋಡ್ ಹಂಚುವ ಚಾರ್ಜರನ್ನೇ ಹಾಕಿಸಬೇಕು ಅಂತ ಸಂಘದಲ್ಲಿ ತೀರ್ಮಾನ ಮಾಡಿಸಿ. ಮೊದಲ ಇಬ್ಬರು ಮೂವರು ತಮತಮಗೆ ತೋಚಿದ 7.2ರ ಪೆಟ್ಟಿಗೆ ಹಾಕಿಸಿಕೊಳ್ಳುವ ಮುಂಚೆಯೇ ಇದಾಗಬೇಕು.