‘ಒಂದೇ ನಂಬರಲ್ಲಿ ತಪ್ಪಿತು ಡಾಕ್ಟ್ರೇ’

ಅವರು ಗಾರೆ ಮೇಸ್ತ್ರಿ. ವಯಸ್ಸು 46. ಮನೆ ಮಂಗಳೂರಿನ ಹೊರವಲಯದಲ್ಲಿ, ಕೆಲಸ ತಲಪಾಡಿ ಗಡಿ ದಾಟಿ ಕೇರಳದ ಮಂಜೇಶ್ವರದ ಕಡೆ. ನಿದ್ದೆ ಬರುತ್ತಿಲ್ಲ ಅಂತ ನನ್ನ ಬಳಿ ಬಂದಿದ್ದರು. ಕುಡಿತ ಇಲ್ಲ, ಬೀಡಿಯೂ ಇಲ್ಲ. ಮೂರನೇ ಸಲ ಬಂದಾಗ ಹೆಂಡತಿ ಒಂದು ಪ್ಲಾಸ್ಟಿಕ್ ಚೀಲ ತಂದು ಮೇಜಿನ ಮೇಲೆ ಸುರಿದರು. ಅಕ್ಕಿ ಡಬ್ಬಿಯ ಹಿಂದೆ ಸಿಕ್ಕಿತಂತೆ. ಎಲ್ಲವೂ ಕೇರಳ ಲಾಟರಿ ಟಿಕೆಟ್ಟುಗಳು, ಡ್ರಾ ಮುಗಿದವು. ಗುರುತು ಸಿಗದ ಹಾಗೆ ಇಲ್ಲಿ ಕೆಲವು ವಿವರ ಬದಲಿಸಿದ್ದೇನೆ.

ಮುಗಿದ ಟಿಕೆಟ್ ಯಾಕೆ ಇಟ್ಟುಕೊಂಡಿರಿ ಅಂತ ಕೇಳಿದೆ. ಅವರು ರಾಶಿಯಿಂದ ಒಂದನ್ನು ಹುಡುಕಿ ತೆಗೆದರು. ಕೊನೆಯ ನಾಲ್ಕು ಅಂಕಿ 4871. ಆ ದಿನ ಬಹುಮಾನ ಬಂದಿದ್ದು 4872ಕ್ಕೆ. ‘ಒಂದೇ ನಂಬರಲ್ಲಿ ತಪ್ಪಿತು ಡಾಕ್ಟ್ರೇ. ಅಷ್ಟು ಹತ್ರ ಬಂದಿತ್ತು.’

ಲಾಟರಿ ಚಟ ಅನ್ನುವ ಈ ಕಾಯಿಲೆಯ ಬೇರು ಇರೋದು ಆ ‘ಹತ್ರ’ ಅನ್ನುವ ಮಾತಿನಲ್ಲೇ. ಬಾವಿಗೆ ಕಲ್ಲು ಎಸೆದಾಗ ಗುರಿ ಸ್ವಲ್ಪದರಲ್ಲಿ ತಪ್ಪಿದರೆ ಮುಂದಿನ ಸಲ ಸರಿಯಾಗಿ ಎಸೆಯಬಹುದು. ಅಲ್ಲಿ ‘ಹತ್ರ’ಕ್ಕೆ ಅರ್ಥ ಇದೆ. ಡ್ರಾ ಯಂತ್ರಕ್ಕೆ ಅದು ಇಲ್ಲ. 4871 ಆಗಲಿ 0003 ಆಗಲಿ, ಬಾರದ ನಂಬರ್ ಬಾರದ ನಂಬರೇ. ನಿನ್ನೆಯ ಡ್ರಾ ಇವತ್ತಿನದಕ್ಕೆ ಏನನ್ನೂ ಕಲಿಸುವುದಿಲ್ಲ. ಆದರೆ ಮಿದುಳು ಹಾಗೆ ಲೆಕ್ಕ ಹಾಕುವುದಿಲ್ಲ. ಜೂಜಾಡುವವರ ಮಿದುಳಿನ ಸ್ಕ್ಯಾನ್ ಮಾಡಿ ನೋಡಿದ್ದಾರೆ. ಸ್ವಲ್ಪದರಲ್ಲಿ ಸೋತಾಗ, ಗೆದ್ದಾಗ ಚುರುಕಾಗುವ ಭಾಗಗಳೇ ಚುರುಕಾಗುತ್ತವೆ. ದುಡ್ಡು ಹೋಗಿದೆ, ಮಿದುಳಿಗೆ ಮಾತ್ರ ಗೆದ್ದ ಥರದ ಹುರುಪು. ಹಾಗಾಗಿ ಸೋತ ದಿನವೇ ಇನ್ನೊಂದು ಟಿಕೆಟ್ ಕೊಳ್ಳಬೇಕು ಅನಿಸುತ್ತದೆ.

ಅದರ ಜೊತೆಗೆ ಚಿಕ್ಕ ಬಹುಮಾನಗಳು. ಅವು ಯಾವಾಗ ಬರುತ್ತವೆ ಗೊತ್ತಿಲ್ಲ, ಬಂದೇ ಬರುತ್ತವೆ. ಮೇಸ್ತ್ರಿಗೆ ಒಮ್ಮೆ 5,000 ಬಂದಿತ್ತು, ಹಲವು ಸಲ ನೂರು ರೂಪಾಯಿ. ಆ ನೂರನ್ನು ಅವರು ಮನೆಗೆ ತಂದದ್ದೇ ಇಲ್ಲ, ಅಂಗಡಿಯಲ್ಲೇ ಹೊಸ ಟಿಕೆಟ್ ಆಯಿತು. ಈಗ ದಿನದ ಟಿಕೆಟ್ಟಿಗೆ 50 ರೂಪಾಯಿ. ಅವರು ದಿನಕ್ಕೆ ಐದು ಕೊಳ್ಳುತ್ತಿದ್ದರು, ‘ಸುಮ್ನೆ, ಚಹಾದ ಖರ್ಚು’ ಅಂತ. ವರ್ಷಕ್ಕೆ ಅದು 90 ಸಾವಿರ ದಾಟುತ್ತದೆ. ನಾನು ಕಾಗದದ ಮೇಲೆ ಗುಣಿಸಿ ತೋರಿಸಿದಾಗ ಹೆಂಡತಿ ಅತ್ತರು. ಮಗಳ ಕಾಲೇಜು ಶುಲ್ಕಕ್ಕೆ ಅವರು ಸಂಘದಲ್ಲಿ ಸಾಲ ಮಾಡಿದ್ದರು.

ಟಿಕೆಟ್ ಕೊಳ್ಳುವ ಎಲ್ಲರೂ ರೋಗಿಗಳಲ್ಲ, ಹೆಚ್ಚಿನವರಿಗೆ ಏನೂ ಆಗುವುದಿಲ್ಲ. ದುಡ್ಡು ಹಾಕುವುದಕ್ಕೂ ಫಲಿತಾಂಶಕ್ಕೂ ನಡುವಿನ ಅಂತರ ಕಡಿಮೆ ಆದಷ್ಟೂ ಜೂಜು ಜಾಸ್ತಿ ಹಿಡಿಯುತ್ತದೆ. ವರ್ಷಕ್ಕೊಮ್ಮೆ ಓಣಂ ಬಂಪರ್ ಕೊಳ್ಳುವವರ ಬಗ್ಗೆ ನನಗೆ ಅಷ್ಟು ಚಿಂತೆ ಇಲ್ಲ. 2024ರಲ್ಲಿ ಅದರ 25 ಕೋಟಿ ಬಹುಮಾನ ಮಂಡ್ಯ ಜಿಲ್ಲೆಯವರೊಬ್ಬರಿಗೆ ಬಂದಾಗ ನಮ್ಮ ಕಡೆಯೂ ಎಲ್ಲರ ಬಾಯಲ್ಲಿ ಅದೇ ಮಾತು. ಆ ಸಲ 70 ಲಕ್ಷಕ್ಕೂ ಹೆಚ್ಚು ಟಿಕೆಟ್ ಮಾರಾಟ ಆಗಿತ್ತು ಅನ್ನುವುದನ್ನು ಯಾರೂ ಮಾತಾಡಲಿಲ್ಲ. ನನಗೆ ಚಿಂತೆ ಇರೋದು ದಿನದ ಡ್ರಾ ಬಗ್ಗೆ. ಅದಕ್ಕಿಂತ ಜಾಸ್ತಿ, ಆ ಫಲಿತಾಂಶದ ಕೊನೆಯ ಮೂರು ಅಂಕಿಯ ಮೇಲೆ ಚೀಟಿಯಲ್ಲಿ ಬರೆದು ನಡೆಸುವ ಕಳ್ಳ ದಂಧೆಯ ಬಗ್ಗೆ. ಅದು ಮಟ್ಕಾದ ಇನ್ನೊಂದು ರೂಪ.

ಕರ್ನಾಟಕದಲ್ಲಿ 2007ರಿಂದ ಲಾಟರಿ ನಿಷೇಧ ಇದೆ. ಅದಕ್ಕೂ ಮೊದಲು ಒಂದಂಕಿ ಲಾಟರಿ, ಆನ್‌ಲೈನ್ ಲಾಟರಿ ಎಷ್ಟು ಮನೆ ಹಾಳು ಮಾಡಿದವು ಅನ್ನುವುದು ನಮ್ಮ ತಲೆಮಾರಿಗೆ ನೆನಪಿದೆ. ಆ ನಿಷೇಧ ಸರಿಯಾದ ಕೆಲಸ ಅಂತ ನಾನು ಈಗಲೂ ನಂಬುತ್ತೇನೆ. ಆದರೆ ಗಡಿಯಲ್ಲಿ ಬದುಕುವವರಿಗೆ ಬಸ್ ಟಿಕೆಟ್ಟಿನಷ್ಟೇ ದೂರದಲ್ಲಿ ಅಂಗಡಿ ಇದೆ.

ಇದು ದುರಾಸೆ, ಸೋಮಾರಿತನ ಅಂತ ಬೈಯುವವರಿಗೆ ಒಂದು ಮಾತು. ಅಮೆರಿಕದ ಮನೋವೈದ್ಯರ ಕೈಪಿಡಿ 2013ರಲ್ಲಿ ಜೂಜಿನ ಚಟವನ್ನು ಮದ್ಯ, ಡ್ರಗ್ಸ್ ಇರುವ ಅಧ್ಯಾಯಕ್ಕೇ ಸೇರಿಸಿತು. ವಿಶ್ವ ಆರೋಗ್ಯ ಸಂಸ್ಥೆಯೂ ಇದನ್ನು ಚಟಗಳ ಸಾಲಿನಲ್ಲೇ ಇಟ್ಟಿದೆ. ಇನ್ನೊಂದು ವಿಷಯ ಬಹಳ ಜನರಿಗೆ ಗೊತ್ತಿಲ್ಲ. ಪಾರ್ಕಿನ್‌ಸನ್ ಕಾಯಿಲೆಗೆ ಕೊಡುವ ಕೆಲವು ಮಾತ್ರೆಗಳು, ಮಿದುಳಿನಲ್ಲಿ ಹುರುಪು ಹುಟ್ಟಿಸುವ ಡೋಪಮೈನ್ ಅನ್ನುವ ರಾಸಾಯನಿಕದ ಥರ ಕೆಲಸ ಮಾಡುತ್ತವೆ. ಜೀವನದಲ್ಲಿ ಒಮ್ಮೆಯೂ ಜೂಜಾಡದ ಹಿರಿಯರು ಆ ಮಾತ್ರೆ ಶುರುವಾದ ಮೇಲೆ ಜೂಜಿಗೆ ಬೀಳುವುದುಂಟು. ಹಾಗೇನಾದರೂ ಕಂಡರೆ ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ, ಬರೆದುಕೊಟ್ಟ ವೈದ್ಯರಿಗೆ ಹೇಳಿ. ಮಿದುಳಿನ ರಸಾಯನ ಬದಲಾದರೆ ಒಳ್ಳೆಯವರೂ ಹೀಗಾಗುತ್ತಾರೆ ಅಂದಮೇಲೆ ಬೈದು ಏನು ಪ್ರಯೋಜನ?

ಪತ್ತೆ ಹಚ್ಚಲು ನಾವು ಕೇಳುವ ಪ್ರಶ್ನೆ ಎರಡೇ. ಇನ್ನೂ ಜಾಸ್ತಿ, ಇನ್ನೂ ಜಾಸ್ತಿ ದುಡ್ಡು ಹಾಕಬೇಕು ಅನಿಸಿದೆಯಾ? ಎಷ್ಟು ಆಡಿದಿರಿ ಅಂತ ಮನೆಯವರಿಗೆ ಸುಳ್ಳು ಹೇಳಿದ್ದೀರಾ? ಒಂದಕ್ಕೆ ಹೌದು ಅಂದರೂ ಕೂತು ಮಾತಾಡಬೇಕು. ಕುಡಿತಕ್ಕೆ ವಾಸನೆ ಇದೆ, ಲಾಟರಿಗೆ ಇಲ್ಲ. ಮನೆಗೆ ಗೊತ್ತಾಗುವುದು ಸಾಲ ಕೊಟ್ಟವರು ಬಾಗಿಲಿಗೆ ಬಂದಾಗಲೇ.

ಆಗ ಮನೆಯವರು ಪ್ರೀತಿಯಿಂದಲೇ ಒಂದು ತಪ್ಪು ಮಾಡುತ್ತಾರೆ. ಬಳೆ ಅಡವಿಟ್ಟು ಸಾಲ ತೀರಿಸಿ, ದೇವರ ಮುಂದೆ ಆಣೆ ಹಾಕಿಸುತ್ತಾರೆ. ಮೇಸ್ತ್ರಿಯ ಅಣ್ಣ ಎರಡು ಸಲ ಹೀಗೆ ಮಾಡಿದ್ದರು. ಸಾಲ ತೀರಿದ್ದು ಮಿದುಳಿಗೆ ಇನ್ನೊಂದು ಗೆಲುವಿನ ಥರವೇ, ಎರಡು ತಿಂಗಳಲ್ಲಿ ಮತ್ತೆ ಶುರು. ಮೊದಲು ಚಿಕಿತ್ಸೆ ಶುರುವಾಗಲಿ. ಯಾರಿಗೆ ಎಷ್ಟು ಕೊಡಬೇಕು ಅಂತ ಅವರ ಕೈಯಲ್ಲೇ ಬರೆಸಿ. ಕಂತಿನಲ್ಲಿ ಅವರೇ ತೀರಿಸಲಿ. ಕೂಲಿಯ ದುಡ್ಡು ಕೆಲವು ತಿಂಗಳು, ಅವರ ಒಪ್ಪಿಗೆಯಿಂದ, ಬೇರೆಯವರ ಕೈಯಲ್ಲಿರಲಿ. ಸಾಯುವ ಮಾತು ಬಂದರಂತೂ ಒಂದು ದಿನವೂ ಕಾಯಬೇಡಿ. ಸಾಲ ಮತ್ತು ನಾಚಿಕೆ ಒಟ್ಟಿಗೆ ಸೇರಿದಾಗ ಆ ಅಪಾಯ ನಿಜಕ್ಕೂ ದೊಡ್ಡದು. ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಚಟಗಳಿಗೆಂದೇ ಪ್ರತ್ಯೇಕ ವಿಭಾಗ ಇದೆ.

ಮೇಸ್ತ್ರಿ ಈಗ ತಿಂಗಳಿಗೊಮ್ಮೆ ಬರುತ್ತಾರೆ. ನಡುವೆ ಒಂದು ಸಲ ಜಾರಿದ್ದರು, ಅದನ್ನು ಅವರೇ ಬಂದು ಹೇಳಿದರು. ಆ ಅಂಗಡಿ ಇರುವ ಸ್ಟಾಪಿನಲ್ಲಿ ಇಳಿಯದೆ ಮುಂದಿನದರಲ್ಲಿ ಇಳಿದು ಹಿಂದಕ್ಕೆ ನಡೆಯುತ್ತಾರಂತೆ. ಮಧ್ಯಾಹ್ನ ಮೂರಕ್ಕೆ, ಡ್ರಾ ಹೊತ್ತಿಗೆ, ಕೈ ಇವತ್ತಿಗೂ ಫೋನಿನ ಕಡೆ ಹೋಗುತ್ತದೆ. ಆಗ ಹೆಂಡತಿಗೆ ಕರೆ ಮಾಡುತ್ತಾರೆ. ‘ಏನು ಮಾತಾಡ್ತೀರಿ?’ ಅಂತ ಕೇಳಿದೆ. ‘ಊಟ ಆಯ್ತಾ ಅಂತ ಕೇಳ್ತೇನೆ’ ಅಂದರು.